ತಾಮ್ರದ ತಂಬಿಗೆ

ತೊಟ್ಟಿಯಿಂದ ಕಂದು ಹೊಗೆ ಎದ್ದಾಗ ಕಲ್ಲಯ್ಯ ಅದನ್ನು ದೇವರ ಮಹಿಮೆಯೆಂದೇ ತಿಳಿದ. ಮುಂದಿನ ಉಸಿರಿಗೆ ಕೆಮ್ಮು ಹತ್ತಿ ಮಹಿಮೆ ಮರೆತುಹೋಯಿತು. ಆದರೂ ಬಿಡದೆ ಬಗ್ಗಿ, ಇಕ್ಕಳದಿಂದ ತಂಬಿಗೆಯನ್ನು ಎತ್ತಿಕೊಂಡೇ ಹೊರಗೆ ಓಡಿಬಂದ.

ಮಿರಜಿನ ಹತ್ತಿರ ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿದ್ದ ಅವನ ವರ್ಕ್‌ಶಾಪಿನಲ್ಲಿ ಸಹಕಾರಿ ಡೇರಿಗಳಿಗೆ ಬೇಕಾದ ಸ್ಟೀಲ್ ಪೈಪುಗಳು ತಯಾರಾಗುತ್ತಿದ್ದವು. ಕೊನೆಗೆ ಅವನ್ನು ನೈಟ್ರಿಕ್ ಆಸಿಡ್ಡಿನ ತೊಟ್ಟಿಯಲ್ಲಿ ಅದ್ದಿ ತೆಗೆಯುವುದು ರೂಢಿ. ಸ್ಟೀಲು ಅದರಲ್ಲಿ ಸದ್ದಿಲ್ಲದೆ ಮುಳುಗಿ ಫಳಫಳ ಹೊಳೆಯುತ್ತ ಮೇಲೆ ಬರುತ್ತಿತ್ತು. ಬೆಳ್ಳಿ ಕರಗುತ್ತದೆ, ಬಂಗಾರ ಜಪ್ಪಯ್ಯ ಅನ್ನುವುದಿಲ್ಲ ಎಂದು ಸರಾಫರು ಹೇಳಿದ್ದರು. ತಾಮ್ರದ ವಿಷಯ ಮಾತ್ರ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಇಂದು ಖಂಡೇನವಮಿ, ಮಷೀನುಗಳ ಪೂಜೆ. ಕಳಸದ ತಂಬಿಗೆ ಕಪ್ಪಾಗಿತ್ತು, ಹುಣಸೆಹಣ್ಣು ಹಚ್ಚಿ ತಿಕ್ಕುವಷ್ಟು ತಾಳ್ಮೆ ಇರಲಿಲ್ಲ, ಸ್ಟೀಲಿನಂತೆ ಅದನ್ನೂ ತೊಟ್ಟಿಗೆ ಅದ್ದಿದ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಇಂಥವರನ್ನು ನೋಡಿಯೇ.

ಮುಖ ತೊಳೆದು ಅವನು ನಕ್ಕ. "ಏನೂ ಆಗಿಲ್ಲ. ಕಾಯಿ ಒಡೀತೇನಿ, ಬರ್ರಿ."

ಪೈಪು ತೊಳೆಯುವ ಕೆಲಸದ ಹೌಸಾಬಾಯಿ ಅವನ ಕೈಯಿಂದ ತೆಂಗಿನಕಾಯಿ ಕಸಿದುಕೊಂಡಳು. ಅವಳ ಪಾಲಿಗೆ ಅವನು ಮಾಲೀಕ, 'ಅಯ್ಯಾರು'; ಅವನ ಎದುರು ಎಂದೂ ಕುಳಿತವಳಲ್ಲ, ದನಿ ಎತ್ತಿದವಳೂ ಅಲ್ಲ.

"ಮಿರಜಿ ದವಾಖಾನಿಗೆ ನಡೀರಿ."

"ಪೂಜಾ ಬಿಟ್ಟು? ಹುಚ್ಚ ಹಿಡದೈತೇನ?"

"ನನ್ನ ಗಂಡನೂ ಹಿಂಗ ನಕ್ಕಿದ್ದರಿ, ಅಯ್ಯಾರ. ತಾಮ್ರದ ತಂತಿ ತೊಳಿಯೂ ಕೆಲಸ, ಇದ ಹೊಗಿ. ಮನಿಗೆ ಬಂದು ರೊಟ್ಟಿ ತಿಂದು ಮಲಗಿದಾಂವ ಏಳಲಿಲ್ಲ." ಅವಳು ಕಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. "ನೀವು ಹೋಗೂತನಾ ಇದನ್ನ ಕೊಡಂಗಿಲ್ಲ."

ಹಬ್ಬದ ದಿನ ಆಳಿನ ಮಾತು ಕೇಳಿ ಗೊಣಗುತ್ತ ರಿಕ್ಷಾ ಹತ್ತಿದ. ದವಾಖಾನೆಯಲ್ಲೂ ಮಧ್ಯಾಹ್ನದವರೆಗೆ "ಬಿಡ್ರಿ ನನ್ನ, ಮನ್ಯಾಗ ಹೋಳಿಗಿ ಆರತಾವ" ಎಂದು ಜಗಳವಾಡಿದ. ಸಂಜೆಯಾಗುತ್ತಲೇ ಎದೆಯಲ್ಲಿ ನೀರು ತುಂಬಿದಂತಾಗಿ ಉಸಿರು ಒಳಗೆ ಹೋಗದಾಯಿತು. ಈ ಹೊಗೆಯ ವಿಷ ತಾಸುಗಟ್ಟಲೆ ತಡೆದು ಎದೆಗಿಳಿಯುತ್ತದೆಂದು ಬಲ್ಲ ಡಾಕ್ಟರು ತಯಾರಾಗಿಯೇ ಇದ್ದರು. ಆಕ್ಸಿಜನ್ ಹಚ್ಚಿದರು.

"ಮನೆಯಲ್ಲಿ ಮಲಗಿದ್ದರೆ ನಮ್ಮ ಕೈಗೆ ಸಿಗುತ್ತಿರಲಿಲ್ಲ," ಎಂದರು ಮರುದಿನ.

ಕಲ್ಲಯ್ಯ ಒಂದೊಂದು ಉಸಿರನ್ನೂ ಪ್ರಸಾದದ ಹಾಗೆ ಎಳೆದುಕೊಳ್ಳುತ್ತ ಮಲಗಿದ್ದ. ಹೌಸಾಬಾಯಿಯ ಗಂಡನಿಗೆ ಹೀಗೆ ದವಾಖಾನೆಗೆ ನಡೆ ಎಂದು ಹೇಳುವವರು ಯಾರೂ ಇರಲಿಲ್ಲವಲ್ಲ ಎಂದು ನೆನೆದು ಅವನ ಕಣ್ಣು ತುಂಬಿ ಬಂತು. ಆ ಮನೆಯ ದುಃಖ ತನ್ನ ಮನೆಯನ್ನು ಕಾಯ್ದಿತ್ತು.

ದಸರೆಯ ಸಂಜೆ ಅವಳು ಬನ್ನಿ ಎಲೆ ಹಿಡಿದು ದವಾಖಾನೆಗೆ ಬಂದಳು. "ಬನ್ನಿ ತಗೋರಿ, ಅಯ್ಯಾರ," ಎಂದು ಕೊಟ್ಟು, ಪ್ರತಿ ವರ್ಷದಂತೆ ಪಾದ ಮುಟ್ಟಲು ಬಗ್ಗಿದಳು. ಕಲ್ಲಯ್ಯ ಕಾಲುಗಳನ್ನು ಹಿಂದಕ್ಕೆ ಎಳೆದುಕೊಂಡ. ಅವಳ ಕೈಗೆ ಬರೀ ಚಾದರ ಸಿಕ್ಕಿತು.

"ಯಾಕ್ರಿ? ನಂದೇನರ ತಪ್ಪಾತೇನ್ರಿ?"

ಬನ್ನಿಯನ್ನು ಕಣ್ಣಿಗೊತ್ತಿಕೊಂಡ. ಮೆಲ್ಲಗೆ ಗೋಡೆಯ ಕಡೆ ಸರಿದು, ಖಾಲಿಯಾದ ಮಂಚದ ಅಂಚನ್ನು ಅಂಗೈಯಿಂದ ಸವರಿದ.

"ಕುಂದ್ರು, ತಾಯಿ."

ಹೌಸಾಬಾಯಿ ಬಾಗಿಲ ಕಡೆಗೊಮ್ಮೆ ನೋಡಿದಳು. ಆಮೇಲೆ ಸೀರೆ ಸರಿಮಾಡಿಕೊಂಡು ಕುಳಿತಳು.