ಸೊಂಟ ಮೊದಲು, ಕೈ ಆಮೇಲೆ

ಎಸೆಯುವ ಡಿಸ್ಕಸ್ ಚಕ್ರದ ಕಬ್ಬಿಣದ ಅಂಚು ಬಿಸಿಲಿಗೆ ಕಾದು ಬೆರಳು ಚುರುಗುಟ್ಟುತ್ತಿದೆ, ಆದರೂ ಅನುಸೂಯಮ್ಮ ಅದನ್ನು ಕೆಳಗಿಡಲಿಲ್ಲ, ಇಟ್ಟರೆ ಹೆದರಿದ್ದು ಎಲ್ಲರಿಗೂ ಕಾಣುತ್ತದೆ — ದೇವನಹಳ್ಳಿ ಮೈದಾನದ ಆ ತುದಿಯಲ್ಲಿ ಟೇಪು ಹಿಡಿದು ನಿಂತವರಿಗೂ, ಕೊಡೆಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತ ಬೆಂಗಳೂರಿನ ಪರೀಕ್ಷಕಿಗೂ. ಮೂರು ಎಸೆತ, ಇಪ್ಪತ್ತು ಮೀಟರ್ ದಾಟಬೇಕು, ದಾಟಿದರೆ ವ್ಯಾಯಾಮ ಶಿಕ್ಷಕಿಯ ಸರ್ಟಿಫಿಕೇಟು, ಇಲ್ಲದಿದ್ದರೆ ಮುಂದಿನ ವರ್ಷ, ಮುಂದಿನ ವರ್ಷ ಎಲ್ಲಿದೆ, ಅತ್ತೆ ಮುತ್ಯಾಲಮ್ಮ ಹೇಳಿಯಾಗಿದೆ, ಎಪ್ಪತ್ತೆರಡನೇ ಇಸವಿ ಮುಗೀಲಿ ಕಣಮ್ಮ, ಆಮೇಲೆ ಮನೇಲಿರು, ಕುಣಿದಿದ್ದು ಸಾಕು. ಕುಣಿದಿದ್ದು. ಹೋದ ವರ್ಷ ಬಸಿರಿನ ಮೂರನೇ ತಿಂಗಳಲ್ಲಿ ವಿಜಯಪುರದ ಬಸ್ಸಿನಲ್ಲಿ ಹೊಟ್ಟೆ ಹಿಂಡಿ ಬಂದು ಮುಂದಿನ ಸೀಟಿನ ಕಂಬಿ ಕಚ್ಚಿ ಹಿಡಿದಿದ್ದಳು, ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು, ಸೊಂಟ ತಿರುಗ್ಸಿ ತಿರುಗ್ಸಿ ಕಳ್ಕೊಂಡ್ಳು ಅಂತ ಅತ್ತೆ ಬಾಗಿಲಲ್ಲೇ ಯಾರಿಗೋ ಹೇಳಿದ್ದರು, ನರ್ಸ್ ಮುನಿಗಂಗಮ್ಮ ಮಾತ್ರ ಹಣೆ ಒರೆಸುತ್ತಾ, ನಿನ್ ತಪ್ಪಲ್ಲಮ್ಮ, ಇದು ಹಿಂಗೇ ಆಗ್ಬಿಡುತ್ತೆ, ಸುಮ್ನೆ ಮಲಗಿದ್ದೋರ್ಗೂ ಆಗುತ್ತೆ ಅಂದಿದ್ದರು — ಇಬ್ಬರಲ್ಲಿ ಯಾರ ಮಾತು ನಿಜ, ಅದನ್ನು ಈಗ ಯಾರನ್ನು ಕೇಳುವುದು, ಮುಟ್ಟು ನಿಂತು ಮತ್ತೆ ಎರಡು ತಿಂಗಳು, ಗಂಡನಿಗೂ ಹೇಳಿಲ್ಲ.

ಮೊದಲನೆಯ ಎಸೆತಕ್ಕೆ ನಿಂತಲ್ಲಿಂದಲೇ, ತಿರುಗದೆ, ಬರಿ ತೋಳಿನಲ್ಲಿ ಬೀಸಿದಳು, ಹದಿನಾಲ್ಕು ಅಂದರು. ಎರಡನೆಯದಕ್ಕೆ ಅರ್ಧ ತಿರುಗುವಷ್ಟರಲ್ಲಿ ಎಡಗೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು, ಕಾಲು ಗೆರೆ ತುಳಿಯಿತು, ಫೌಲ್. ತರಬೇತಿ ಕೊಟ್ಟ ಗೋಪಾಲಪ್ಪ ಮೇಷ್ಟ್ರು ದಾಪುಗಾಲು ಹಾಕಿ ಬಂದರು, ಏನಮ್ಮಾ ಆಗಿದೆ ನಿಂಗೆ, ಇಪ್ಪತ್ನಾಲ್ಕು ಎಸೆಯೋ ಹುಡುಗಿ, ಕಾಲು ಮೊದಲು, ಆಮೇಲೆ ಸೊಂಟ, ಕೈ ಕಡೇಲಿ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ, ಸೊಂಟ ಎಲ್ಲಿಟ್ಟಿದ್ದೀಯ. ಗಂಡಸಿನ ಮುಂದೆ ಆಡುವ ಮಾತೇ ಇದು, ಆದರೆ ಮಾತು ಆಗಲೇ ಹೊರಬಿದ್ದಿತ್ತು, ಸಾರ್, ನಾನು ಬಸುರಿ, ಹೋದ್ಸಲ ನಿಲ್ಲಲಿಲ್ಲ. ಮೇಷ್ಟ್ರು ಕೊರಳಿನ ಸೀಟಿ ಹಿಡಿದುಕೊಂಡು ನೆಲ ನೋಡಿದರು, ಕತ್ತು ಕೆಂಪಾಯಿತು, ಕೊನೆಗೆ ದನಿ ತಗ್ಗಿಸಿ, ಬಿಟ್ಬಿಡು ತಾಯಿ, ಹುಷಾರಿಲ್ಲ ಅಂತ ನಾನ್ ಹೇಳ್ತೀನಿ ಅವರಿಗೆ, ಮನೆಗೆ ಹೋಗು.

ಹೋಗಬಹುದು. ಇಷ್ಟು ಸುಲಭವಾಗಿ ಹೋಗಬಹುದೆಂದರೆ ಎದೆ ಹಗುರಾಗಬೇಕಿತ್ತು, ಆಗಲಿಲ್ಲ, ಯಾಕೆಂದರೆ ಈಗ ಹೋದರೆ ಅತ್ತೆಯ ಮಾತು ನಿಜವಾಯಿತು, ಆ ಮೊದಲ ಕೂಸನ್ನು ತಾನೇ ಕೊಂದದ್ದು ಎಂದು ತಾನೇ ಒಪ್ಪಿ ಸಹಿ ಹಾಕಿದಂತಾಯಿತು, ಆಮೇಲೆ ಹೆತ್ತರೂ ಆ ಮಗುವಿನ ಮುಖವನ್ನು ಯಾವ ಕಣ್ಣಿಂದ ನೋಡುವುದು — ತಿರುಗಿದರೆ, ಇದೂ ಹೋದರೆ, ಅಯ್ಯೋ ಆಗ ಯಾರಿಗೂ ಮುಖ ತೋರಿಸುವಂತಿಲ್ಲ, ಮುನಿಗಂಗಮ್ಮನಿಗೂ. ಇಲ್ಲ ಸಾರ್, ಎಸೀತೀನಿ, ಅಂದಳು, ಮೇಷ್ಟ್ರು ಸರಿದು ನಿಂತರು, ಪರೀಕ್ಷಕಿ, ನಂಬರ್ ಹದಿನೇಳು, ಕೊನೇ ಎಸೆತ ಎಂದು ಕೂಗುತ್ತಾಳೆ, ಮೈದಾನಕ್ಕೆ ಬೆನ್ನು, ಮೊಣಕಾಲು ಮಡಿಸಿ ಕೈ ಹಿಂದೆ ಬೀಸಿ ಒಂದು, ಎರಡು, ಇರು, ಒಳಗೇ ಇರು, ಗಟ್ಟಿಯಾಗಿ ಹಿಡಕೋ ಕಂದ, ಎಡಪಾದದ ತುದಿಯ ಮೇಲೆ ತಿರುಗಿದಳು, ಬಲಗಾಲು ವೃತ್ತದ ನಡುವೆ ಬಿತ್ತು, ಎಡಗಾಲು ಮುಂದೆ ಊರಿತು, ಸೊಂಟ, ಈಗ, ಸೊಂಟ ಕೈಯನ್ನು ಎಳೆದುಕೊಂಡು ಮುಂದೆ ಹೋಯಿತು, ಬೆರಳು ಖಾಲಿ.

ಇಪ್ಪತ್ತೊಂದೂವರೆ, ಯಾರೋ ಕೂಗುತ್ತಿದ್ದಾರೆ, ಪಾಸಾದೆ ಕಣಮ್ಮ, ಇದು ಮೇಷ್ಟ್ರ ದನಿ, ವೃತ್ತದ ಹಿಂದಿನಿಂದ ಹೊರಗೆ ಬಾ, ಮುಂದೆ ಕಾಲಿಟ್ಟರೆ ಫೌಲ್. ಅವಳು ಹೊರಬರಲಾರಳು. ತೊಡೆಯೊಳಗೆ ಬೆಚ್ಚಗೆ ಒಂದು ಎಳೆ ಜಾರುತ್ತಿದೆ, ಮಂಡಿಗೆ ಬಂತು, ಮೀನಖಂಡಕ್ಕೆ ಬಂತು, ಬಗ್ಗಿ ನೋಡಬಾರದು, ನೋಡಬೇಕು, ಬಿಳಿ ಪೈಜಾಮದ ಅಂಚನ್ನು ಎರಡು ಬೆರಳಲ್ಲಿ ಎತ್ತಿದಳು — ಕಣಕಾಲಿನ ಮೇಲೆ ಒಂದು ಹನಿ, ನೀರಿನಂಥದು, ಅದರ ಆಚೆಗಿನ ಚರ್ಮ ಕಾಣುತ್ತಿದೆ, ಬೆವರು, ಬರಿ ಬೆವರು, ಇನ್ನೊಂದು ಹನಿ ಇಳಿಯುತ್ತಿದೆ, ಅದನ್ನೂ ನೋಡಬೇಕು, ಬೆವರೇ, ಇನ್ನೊಂದು…