ಮಹಾನವಮಿಯಿಂದ ಮಹಾನವಮಿಗೆ

ಯಲಬುರ್ಗಾ ಕಡೆಯ ಆ ಊರಿನಲ್ಲಿ ಕೂರಿಗೆ ಹೂಡುವುದಿರಲಿ, ಕೂಸನ್ನು ತೊಟ್ಟಿಲಿಗೆ ಹಾಕುವುದಿರಲಿ, ಜನ ಮೊದಲು ಬರುವುದು ಶರಣಬಸಪ್ಪ ಮಾಸ್ತರರ ಕಟ್ಟೆಗೆ. ಸರಕಾರದ ಲೆಕ್ಕದಲ್ಲಿ ಅವರು ಶಾಲೆಯ ಮುಖ್ಯ ಗುರುಗಳು. ಊರಿನ ಲೆಕ್ಕದಲ್ಲಿ ನಡೆದಾಡುವ ಪಂಚಾಂಗ. ತಿಥಿ, ವಾರ, ನಕ್ಷತ್ರ ನಾಲಗೆಯ ತುದಿಯಲ್ಲೇ ಇರುತ್ತಿದ್ದವು. ಇಂಗ್ಲಿಷ್ ತಾರೀಖು ಅವರಿಗೆ ಬೇಕಾಗುತ್ತಿದ್ದುದು ಪಗಾರದ ದಿನ ಮಾತ್ರ.

ಅವರ ಹೆಂಡತಿ ಅಮೃತಾ ಅಂಗನವಾಡಿ ಕಾರ್ಯಕರ್ತೆ. ಅವಳ ಬದುಕು ನಡೆಯುವುದೇ ತಾರೀಖಿನ ಮೇಲೆ. ಕೂಸು ಹುಟ್ಟಿದ್ದು ಎಂದು, ತೂಗಿದ್ದು ಎಂದು, ಮೊಟ್ಟೆ ಹಂಚಿದ್ದು ಎಂದು, ಎಲ್ಲವೂ ರಿಜಿಸ್ಟರಿನಲ್ಲಿ ಇರಬೇಕು. ಒಂದೇ ಮನೆಯಲ್ಲಿ ಎರಡು ಕಾಲ ನಡೆಯುತ್ತಿದ್ದವು. ದೇವರು ದೊಡ್ಡವನು, ಎರಡಕ್ಕೂ ಒಂದೇ ಸೂರ್ಯನನ್ನು ಕೊಟ್ಟಿದ್ದ.

ಆ ಶುಕ್ರವಾರ ಅವರು ಹುಲಿಗಿಗೆ ಹೊರಟಿದ್ದರು. ಮರುದಿನ ಮಹಾಲಯ ಅಮಾವಾಸ್ಯೆ, ಗದ್ದಲ ಆಗುತ್ತದೆ, ಒಂದು ದಿನ ಮೊದಲೇ ಹುಲಿಗೆಮ್ಮನಿಗೆ ಉಡಿ ತುಂಬಿ ಬರೋಣ ಎಂಬುದು ಅಮೃತಾಳ ಆಸೆ. ಒಂಬತ್ತಕ್ಕೇ ಬುತ್ತಿ ಕಟ್ಟಿ, ಖಣ, ಕಾಯಿ, ಬಳೆ ಚೀಲಕ್ಕೆ ಹಾಕಿ ಅವಳು ಬಾಗಿಲಲ್ಲಿ ಕೂತಳು. ಮಾಸ್ತರರು ಮಾತ್ರ ರಾಹುಕಾಲ ಕಳೆಯಲಿ ಎಂದು ಹನ್ನೆರಡರ ತನಕ ಕಾರಿನ ಕೀಲಿಯನ್ನೇ ಮುಟ್ಟಲಿಲ್ಲ. ಗಾಡಿಯೇನೋ ಹಳೆಯದು, ಹಿಂದಿನ ವರ್ಷ ಮಹಾನವಮಿಯ ದಿನ ಒಬ್ಬರ ಕೈಯಿಂದ ಕೊಂಡದ್ದು. ವಿಮೆಯನ್ನೂ ಅದೇ ದಿನ ಮಾಡಿಸಿ, ಆ ಕಾಗದಕ್ಕೆ ಕುಂಕುಮ ಹಚ್ಚಿ ಡ್ಯಾಶ್‌ಬೋರ್ಡಿನೊಳಗೆ ಇಟ್ಟಿದ್ದರು.

ಗಿಣಿಗೇರಾ ತಲುಪುವಾಗ ಒಂದೂವರೆ ಸಮೀಪಿಸಿತ್ತು. ಮುಂದೆ ಅದಿರಿನ ಲಾರಿ, ಅದರ ಹಿಂದೆ ಕೆಂಪು ಧೂಳು. ಚಹಾದ ಅಂಗಡಿ ಕಂಡದ್ದೇ ತಡ, ಮಾಸ್ತರರು ಸೈಕಲ್ ಕಾಲದ ರೂಢಿಯಂತೆ ಬಲಗೈಯನ್ನು ಕಿಟಕಿಯಿಂದ ಹೊರಗೆ ಚಾಚಿ ಬೀಸಿದರು, ಕಾರನ್ನು ಎಡಕ್ಕೆ ಹೊರಳಿಸಿದರು. ಎಡಗಡೆ ಬರುತ್ತಿದ್ದ ಬೈಕು ಬಾಗಿಲಿಗೆ ಬಡಿದು ಉರುಳಿತು. ಅದರ ಮೇಲಿದ್ದವನು ಎದ್ದು ಕೂತ, ನಿಲ್ಲಲು ಹೋದ, ಮತ್ತೆ ಕೂತ. ಮೊಣಕಾಲಿನ ಕೆಳಗೆ ಕಾಲು ಇರಬೇಕಾದ ಹಾಗೆ ಇರಲಿಲ್ಲ.

ಅವನ ಹೆಸರು ಹುಲಿಗೆಪ್ಪ. ಅಲ್ಲಿಯದೇ ಕಬ್ಬಿಣದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಜನ ಸೇರಿ ಅವನನ್ನು ಕಾರಿನಲ್ಲಿ ಮಲಗಿಸಿದರು. ಹತ್ತಿರದ ಸಣ್ಣ ದವಾಖಾನೆಯಲ್ಲಿ ಕಾಲಿಗೆ ಪಟ್ಟಿ ಬಿಗಿದು, ಇಂಜೆಕ್ಷನ್ ಕೊಟ್ಟು, “ಎಲುಬು ಮುರದೈತ್ರಿ, ಕೊಪ್ಪಳಕ್ಕ ಒಯ್ರಿ” ಎಂದರು. ಸುದ್ದಿ ತಿಳಿದು ಹೆಂಡತಿ ಮಾರೆಮ್ಮ ಅಡಿಗೆ ಮಾಡುತ್ತಿದ್ದ ಕೈಯಲ್ಲೇ ಓಡಿ ಬಂದಳು. ಬೈಯಲಿಲ್ಲ. ಗಂಡನ ತಲೆಯ ಬಳಿ ಕೂತು ಸೆರಗಿನಿಂದ ಅವನ ಮುಖದ ಧೂಳು ಒರೆಸಿದಳು. ಅಮೃತಾಳಿಗೆ ಬೈಗುಳಕ್ಕಿಂತ ಅದೇ ಹೆಚ್ಚು ನಾಟಿತು.

ಅಮೃತಾಳ ತಮ್ಮ ಗೋವಿಂದರಾಜ ಕೊಪ್ಪಳದಲ್ಲಿ ಗಾಡಿಗಳ ಕಾಗದಪತ್ರ ಮಾಡಿಸಿಕೊಡುವವನು. ಮಾಸ್ತರರು ಅವನಿಗೆ ಫೋನ್ ಹಚ್ಚಿದರು. “ಅಂಜಬ್ಯಾಡ್ರಿ ಮಾವಾರ, ಪಾಲಿಸಿ ಐತೆಲ್ಲ, ಅದರ ಫೋಟೊ ಕಳಸ್ರಿ,” ಎಂದ ಅವನು.

ಅಮೃತಾ ಕಾಗದ ತೆಗೆದಳು. ಕುಂಕುಮ ಒರೆಸಿ ಓದಿದಳು. ಮತ್ತೊಮ್ಮೆ ಓದಿದಳು.

“ರೀ, ಇದು ಈ ತಿಂಗಳ ಮೂರನೇ ತಾರೀಖಿಗೆ ಮುಗದೈತಿ. ಇವತ್ತು ಹದಿಮೂರು.”

“ಹೆಂಗ ಮುಗೀತೈತಿ? ಮಹಾನವಮಿಯಿಂದ ಮಹಾನವಮಿಗೆ ಒಂದು ವರ್ಷ. ಇನ್ನಾ ಘಟಸ್ಥಾಪನೆ ಸೈತ ಆಗಿಲ್ಲ.”

“ಹೋದ ವರ್ಷ ಮಹಾನವಮಿ ನಾಕನೇ ತಾರೀಖಿಗಿತ್ತು. ಈ ವರ್ಷ ಇಪ್ಪತ್ಮೂರಕ್ಕ ಬಂದೈತಿ.”

ಮಾಸ್ತರರು ಬೆರಳು ಮಡಚಿ ತಿಂಗಳು ಎಣಿಸಿದರು, ಒಂದು ಬೆರಳು ಹೆಚ್ಚಾಯಿತು. ಅಧಿಕ ಶ್ರಾವಣ ನಡುವೆ ಬಂದು ಹಬ್ಬಗಳನ್ನೆಲ್ಲ ಮುಂದಕ್ಕೆ ತಳ್ಳಿತ್ತು. ಊರಿಗೆಲ್ಲ ಅದನ್ನು ಸಾರಿ ಹೇಳಿದವರೇ ಅವರು. ಅಧಿಕ ಮಾಸದಲ್ಲಿ ಮದುವೆ ಮಾಡಬೇಡಿ, ದಾನ ಮಾಡಿ ಎಂದು ಕಟ್ಟೆಯ ಮೇಲೆ ಕೂತು ತಿಂಗಳಿಡೀ ಬುದ್ಧಿ ಹೇಳಿದ್ದರು. ಮೂವತ್ಮೂರು ಹೋಳಿಗೆಗಳನ್ನು ಮೂವತ್ಮೂರು ಮನೆಗೆ ಹಂಚಿಸಿದ್ದರು, ಬೇಯಿಸಿದವಳು ಅಮೃತಾ.

“ಮೂವತ್ಮೂರು ಹೋಳಿಗಿ ಎಣಿಸಿದ್ರಿ. ತಾರೀಖು ಒಂದ ಎಣಿಸಲಿಲ್ಲ,” ಎಂದಳು ಅವಳು. “ಕಂಪನಿಯವರು ಮೆಸೇಜ್ ಹಾಕಿರಬೇಕಲ್ಲ?”

“ಬಂದಿದ್ವು ಏನೋ. ಸಾಲ ಕೊಡ್ತೀವಿ ಅನ್ನಾವ್ರು ಅಂತ ತಿಳಕೊಂಡೆ.”

ಅವಳು ಗೋಡೆಗೆ ತಲೆ ಒರಗಿಸಿ ಕಣ್ಣು ಮುಚ್ಚಿದಳು. ಸಿಟ್ಟು ಬಂದಾಗ ಹುಲಿಗೆಮ್ಮನನ್ನು ನೆನೆಯುವುದು ಅವಳ ರೂಢಿ. ಆ ದಿನ ಅಮ್ಮನಿಗೆ ಬಿಡುವೇ ಸಿಗಲಿಲ್ಲ.

ಅರ್ಧ ತಾಸಿನಲ್ಲಿ ಗೋವಿಂದರಾಜ ಬೈಕಿನ ಮೇಲೆ ಬಂದಿಳಿದ. ಹುಲಿಗೆಪ್ಪನ ಹಾಸಿಗೆಯ ಬಳಿಯೇ ಕುರ್ಚಿ ಎಳೆದುಕೊಂಡು ದನಿ ತಗ್ಗಿಸಿದ.

“ನೋಡ್ರಿ, ಈಗ ಕೊಪ್ಪಳಕ್ಕ ಹೋದ್ರ ದವಾಖಾನಿಯವರು ಪೊಲೀಸರಿಗೆ ಹೇಳ್ತಾರ, ಇವತ್ತಿನ ತಾರೀಖು ಬೀಳತೈತಿ. ಮಾವಾರ ಗಾಡಿಗೆ ಇನ್ಶೂರೆನ್ಸ್ ಇಲ್ಲ. ಮಾವಾರ ಮ್ಯಾಲ ಕೇಸು, ಗಾಡಿ ಠಾಣೆಗೆ, ನಿಮಗೂ ಇನ್ಶೂರೆನ್ಸ್ ಕಂಪನಿಯಿಂದ ಪರಿಹಾರ ಇಲ್ಲ. ಅದರ ಬದಲಿ, ನಾನು ಇವತ್ತ ಹೊಸಾ ಪಾಲಿಸಿ ಮಾಡಸ್ತೀನಿ. ನಾಳಿಂದ ಶುರು ಆಗತೈತಿ. ಆಕ್ಸಿಡೆಂಟ್ ಆದಿತ್ಯವಾರ ಆತು ಅಂತ ಬರಸೋಣು. ಎರಡು ದಿನ ನೋವು ತಡಕೋರಿ. ಎಲ್ಲರಿಗೂ ಛಲೋ.”

ಹುಲಿಗೆಪ್ಪ ಹೆಂಡತಿಯ ಮುಖ ನೋಡಿದ. “ರೊಕ್ಕ ಬರತೈತಿ ಅಂದ್ರ ತಡಕೋತೀನಿ ಬಿಡ್ರಿ,” ಎಂದ ಮೆಲ್ಲಗೆ. “ದುಡಿಯೋ ಕಾಲು ಇದು. ಎರಡು ತಿಂಗಳು ಮನ್ಯಾಗ ಬಿದ್ರ ಹೊಟ್ಟಿಗೇನು?”

ಅಮೃತಾ ಗಂಡನ ಕಡೆ ತಿರುಗಿದಳು. ಮಾಸ್ತರರು ಸುಳ್ಳಾಡುವವರಲ್ಲ. ಶಾಲೆಯಲ್ಲಿ ಒಂದು ಹಾಜರಿಯನ್ನೂ ಸುಮ್ಮನೆ ಹಾಕಿದವರಲ್ಲ. ಈಗ ಇಲ್ಲ ಎನ್ನುತ್ತಾರೆ ಎಂದು ಕಾದಳು. ಅವರು ಜೇಬಿನಿಂದ ಸಣ್ಣ ಪಂಚಾಂಗ ತೆಗೆದು, ಕನ್ನಡಕ ಏರಿಸಿ, ಪುಟ ತಿರುವುತ್ತಿದ್ದರು.

“ಆದಿತ್ಯವಾರ ಪಾಡ್ಯ,” ಎಂದರು. “ನವರಾತ್ರಿ ಮೊದಲನೇ ದಿನ. ದಿನ ಛಲೋ ಐತಿ.”

“ಕಾಲು ಮುರಕೊಳ್ಳಾಕ ಮುಹೂರ್ತ ನೋಡಾಕತ್ತೀರೇನು?”

ಅಮೃತಾಳ ದನಿ ಎಷ್ಟು ಎತ್ತರಕ್ಕೇರಿತ್ತೆಂದರೆ ಪಕ್ಕದ ಕೋಣೆಯ ನರ್ಸ್ ಬಾಗಿಲಿಗೆ ಬಂದಳು. ಮಾಸ್ತರರು ಪಂಚಾಂಗ ಮುಚ್ಚಿದರು. ಮಾರೆಮ್ಮ ಆಗ ಮೊದಲ ಸಲ ಬಾಯಿ ಬಿಟ್ಟಳು: “ನೀವೆಲ್ಲಾ ದಿನ ಹುಡಕಾಕತ್ತೀರಿ. ಇವನ ಕಾಲು ಯಾರು ನೋಡ್ತೀರಿ?”

ಅಮೃತಾ ಆ ಕಾಲನ್ನು ನೋಡಿದಳು. ಬಾತು ಹೊಳೆಯುತ್ತಿತ್ತು. ಕಾಲಿನಿಂದ ಅವಳ ಕಣ್ಣು ಹುಲಿಗೆಪ್ಪನ ಕೊರಳಿಗೆ ಹೋಯಿತು. ಅಲ್ಲಿ ನೀಲಿ ಪಟ್ಟಿಗೆ ಕಾರ್ಖಾನೆಯ ಪಾಸು ತೂಗಾಡುತ್ತಿತ್ತು.

“ಎಲ್ಲಿಗೆ ಹೊಂಟಿದ್ದೆಪಾ ನೀನು?”

“ಡ್ಯೂಟಿಗ್ರಿ ಅಕ್ಕಾರ. ಎರಡರ ಶಿಫ್ಟು.”

“ಇಎಸ್‌ಐ ಹಿಡೀತಾರೇನು ಪಗಾರದಾಗ?”

“ಹಿಡೀತಾರ್ರಿ. ಕಾರ್ಡೂ ಐತಿ.”

“ಆದಿತ್ಯವಾರ ಡ್ಯೂಟಿ ಇರತೈತೇನು?”

“ಇಲ್ರಿ. ವಾರದ ಸೂಟಿ.”

ಅಂಗನವಾಡಿಯ ಒಂದು ಕೂಸಿನ ತಂದೆ ಹೀಗೆಯೇ ಕಾರ್ಖಾನೆಯ ಹಾದಿಯಲ್ಲಿ ಬಿದ್ದಿದ್ದ. ಇಎಸ್‌ಐ ಎಂಬ ಕಾರ್ಮಿಕರ ವಿಮೆಗೆ ಅವನ ಅರ್ಜಿ ತುಂಬಿಕೊಟ್ಟವಳು ಅಮೃತಾ. ಕೆಲಸಕ್ಕೆ ಹೋಗುವ ಹಾದಿಯಲ್ಲಿ ಆದ ಪೆಟ್ಟು ಕೆಲಸದ ಮೇಲಿನ ಪೆಟ್ಟೇ ಎಂದು ಹಿಡಿದು, ಔಷಧ ಕೊಟ್ಟು, ಮನೆಯಲ್ಲಿದ್ದಷ್ಟು ದಿನ ಪಗಾರದ ಬಹುಪಾಲು ಕೊಟ್ಟಿದ್ದರು. ಕೆಲಸವೂ ಹೋಗಿರಲಿಲ್ಲ.

“ಗೋವಿಂದ,” ಎಂದಳು ಅವಳು, “ಇವತ್ತಿಂದು ಇವತ್ತಂತ ಬರಸಿದ್ರ ಇವನಿಗೆ ಡ್ಯೂಟಿ ಹಾದಿಯಾಗ ಆದ ಪೆಟ್ಟು. ಆದಿತ್ಯವಾರ ಅಂತ ಬರಸಿದ್ರ ಸೂಟಿ ದಿನ ಅಡ್ಡಾಡಾಕ ಹೋಗಿ ಬಿದ್ದಂಗ. ಇವತ್ತು, ನಾಳೆ ಎರಡು ದಿನ ಹೇಳದ ಕೇಳದ ಗೈರು. ಗುತ್ತೇದಾರ ಮೂರನೇ ದಿನಕ್ಕ ಬ್ಯಾರೇವ್ನ ತಗೋತಾನ. ನಿನ್ನ ಕಂಪನಿ ರೊಕ್ಕ ಎಂದ ಬರತೈತಿ?”

“ಕೋರ್ಟು ಅಂದಮ್ಯಾಲ ಒಂದೆರಡು ವರ್ಷ…” ಗೋವಿಂದರಾಜ ಬೈಕಿನ ಕೀಲಿಯನ್ನು ಬೆರಳಿಗೆ ಸುತ್ತಿದ. “ಅಕ್ಕ, ನಾನು ಮಾವಾರ ಸಲುವಾಗಿ ಹೇಳಿದೆ. ಗಾಡಿ ಹೋಗತೈತಿ. ಇವರಿಗೆ ಕೊಡೋದೆಲ್ಲಾ ಮಾವಾರ ಕೈಯಿಂದ ಹೋಗತೈತಿ.”

“ಎಲ್ಲರಿಗೂ ಛಲೋ ಅಂದಿದ್ದೆಲ್ಲ.”

ಗೋವಿಂದರಾಜ ಕೀಲಿಯನ್ನು ಜೇಬಿಗೆ ಹಾಕಿದ. ಹುಲಿಗೆಪ್ಪ ಕಣ್ಣೀರು ಬರುವಂತೆ ನಕ್ಕ. ನೋವಿಗೋ ನಗುವಿಗೋ ತಿಳಿಯಲಿಲ್ಲ. “ಅಕ್ಕಾರ, ನೀವು ಯಾರ ಕಡೆಯವರು?” ಎಂದ.

“ಈ ಕಾಲಿನ ಕಡೆಯಾಕಿ,” ಎಂದಳು ಅಮೃತಾ, “ಏಳ್ರಿ ಎಲ್ಲಾರೂ.”

ಮಾಸ್ತರರು ಎದ್ದರು. ಅವರ ಮುಖ ಶಾಲೆಯಲ್ಲಿ ತಪ್ಪು ಲೆಕ್ಕ ಬರೆದು ಸಿಕ್ಕಿಬಿದ್ದ ಹುಡುಗನ ಮುಖದಂತಿತ್ತು. ಅವರು ಹುಲಿಗೆಪ್ಪನ ಎದುರು ನಿಂತು ಕೈ ಮುಗಿದರು. “ತಮ್ಮಾ, ತಪ್ಪು ನಂದು. ಕೈ ಬಲಕ್ಕ ತೋರ್ಸಿ ಗಾಡಿ ಎಡಕ್ಕ ಹೊಳ್ಳಿಸಿದೆ. ಅದನ್ನ ಹಂಗ ಬರಸ್ತೀನಿ. ಕೋರ್ಟು ಎಷ್ಟು ಹೇಳತೈತಿ ಅಷ್ಟು, ಗಾಡಿ ಮಾರಿಯರ ಕೊಡ್ತೀನಿ.” ಆಮೇಲೆ ಅವನ ಹೆಗಲಿಗೆ ತಾವೇ ಹೆಗಲು ಕೊಟ್ಟರು.

ಕೊಪ್ಪಳದಲ್ಲಿ ಎಕ್ಸರೇ ಆಯಿತು, ಪ್ಲಾಸ್ಟರ್ ಬಿತ್ತು. ಹವಾಲ್ದಾರ ರಾಜಾಸಾಬ ಬಂದು ಹೇಳಿಕೆ ಬರೆದುಕೊಂಡ. ವಿಮೆಯ ಕಾಗದ ನೋಡಿ, ಹತ್ತೇ ದಿನ ಹೆಂಗ ತಪ್ಪಿತ್ರಿ ಎಂದು ಕೇಳಿದ. ಮಾಸ್ತರರು ಅಧಿಕ ಮಾಸದ ಕಥೆಯನ್ನು ಮೊದಲಿನಿಂದ ಹೇಳಲು ಹೊರಟರು. ಅರ್ಧ ಕೇಳಿ ರಾಜಾಸಾಬ ಪೆನ್ನು ಕೆಳಗಿಟ್ಟ.

“ಮಾಸ್ತರ, ನಮ್ಮ ರಂಜಾನ್ ವರ್ಷಾ ಹತ್ತು ಹನ್ನೊಂದು ದಿನ ಮೊದಲ ಬರತೈತಿ. ಅದಕ್ಕ ಗಾಡಿ ಕಾಗದ ಕಟ್ಟಿದ್ರ ನಾನು ಎಂದೋ ಮುಂಗಡ ಕಟ್ಟಿ ಕುಂದ್ರತಿದ್ದೆ.”

ಅಮೃತಾ ಅಂದು ಮೊದಲ ಸಲ ನಕ್ಕಳು. ಕೂಡಲೇ ನಿಲ್ಲಿಸಿದಳು; ಹುಲಿಗಿಗೆ ಮುಟ್ಟಬೇಕಿದ್ದ ಉಡಿಯ ಚೀಲ ಇನ್ನೂ ಅವಳ ತೊಡೆಯ ಮೇಲಿತ್ತು. ಎದ್ದು ಹೋಗಿ ಆ ಖಣ, ಬಳೆಗಳನ್ನು ಮಾರೆಮ್ಮನ ಉಡಿಗೆ ಹಾಕಿದಳು. ಕಾಯಿಯನ್ನೂ ಕೊಟ್ಟಳು. ಅಮ್ಮ ಬೇಡ ಎನ್ನಲಾರಳು ಎಂದು ಅವಳ ನಂಬಿಕೆ.

ಮಹಾನವಮಿಯ ದಿನ ಇಬ್ಬರೂ ಬಸ್ಸು ಹಿಡಿದು ಠಾಣೆಗೆ ಬಂದರು. ಜೀಪಿಗೆ ಚೆಂಡುಹೂವಿನ ಸರ ಏರಿತ್ತು, ಬಂದೂಕುಗಳಿಗೆ ಕುಂಕುಮ ಬಿದ್ದಿತ್ತು. ಮೂಲೆಯಲ್ಲಿ ಇವರ ಕಾರು, ನೆಗ್ಗಿದ ಬಾಗಿಲು, ಮೈತುಂಬ ಧೂಳು. ಮಾಸ್ತರರು ಅದನ್ನು ಒರೆಸಿ, ವಿಭೂತಿ ಹಚ್ಚಿ, ಕಾಯಿ ಒಡೆದರು. ರೂಢಿಯ ಕೈ ಕೇಳಬೇಕಲ್ಲ, ನಾಲ್ಕು ಗಾಲಿಗಳ ಕೆಳಗೂ ಒಂದೊಂದು ಲಿಂಬೆಹಣ್ಣು ಇಟ್ಟರು. ಇಟ್ಟು, ಎದ್ದು ನಿಂತು ರಾಜಾಸಾಬನ ಕಡೆ ನೋಡಿದರು.

“ಕೋರ್ಟಿನ ಚೀಟಿ ಬರೂ ತನಕ ಒಂದು ಗೇಣು ಸೈತ ಮುಂದ ಹೋಗಂಗಿಲ್ರಿ,” ಎಂದ ಅವನು.

“ಗೊತ್ತೈತ್ರಿ. ಲಿಂಬಿಹಣ್ಣು ಇರ್ಲಿ. ಎಂದರ ಒಂದಿನ ಹೋಗತೈತೆಲ್ಲ.”

“ಒಣಗಿ ಕಲ್ಲಾಗಿರತಾವು ಅಷ್ಟೊತ್ತಿಗೆ,” ಎಂದಳು ಅಮೃತಾ. “ನಡೀರಿ. ಗಿಣಿಗೇರಾ ಬಸ್ಸು ಹತ್ತು ನಲವತ್ತಕ್ಕೈತಿ.”

ಅವಳ ಕೈಯಲ್ಲಿ ಹೋಳಿಗೆಯ ಡಬ್ಬಿ ಇತ್ತು, ಹುಲಿಗೆಪ್ಪ ಸಹಿ ಹಾಕಬೇಕಾದ ಇಎಸ್‌ಐ ಅರ್ಜಿ ಇತ್ತು. ಕಾರ್ಖಾನೆಯವರು, ಕಾಲು ಕೂಡಿದ ಮೇಲೆ ಬಾ ಎಂದು ಹೇಳಿ ಕಳಿಸಿದ್ದರು. ಹತ್ತೂವರೆಗೆ ರಾಹುಕಾಲದಷ್ಟೇ ಕೆಟ್ಟ ಯಮಗಂಡ ಕಾಲ ಶುರುವಾಗುತ್ತದೆ ಎಂದು ಅಮೃತಾಳಿಗೂ ಗೊತ್ತಿತ್ತು. ಮಾಸ್ತರರು ಗಡಿಯಾರ ನೋಡಿದರು, ಆಕಾಶ ನೋಡಿದರು. ಅವಳು ಕಾದಳು.

“ಇವತ್ತು ತಾರೀಖು ಎಷ್ಟು?” ಎಂದು ಕೇಳಿದರು ಅವರು.

“ಇಪ್ಪತ್ಮೂರು.”

ಪಂಚಾಂಗದ ಅಂಚಿನಲ್ಲಿ ಅದನ್ನು ಬರೆದುಕೊಂಡು, ಹೋಳಿಗೆಯ ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡು, ಮಾಸ್ತರರು ಬಸ್ ನಿಲ್ದಾಣದ ಕಡೆ ಮುಂದೆ ನಡೆದರು.