ಓಗೊಡದ ಪೆಟ್ಟಿಗೆ

ಆ ದಿನ ಬೆಳಗ್ಗೆ ಹನಗೋಡಿನ ಕಾಡಂಚಿಗೆ ಬಿದ್ದ ಮಂಜು ಅಂತಿಂಥದ್ದಲ್ಲ. ಲಕ್ಷ್ಮಣತೀರ್ಥ ಹೊಳೆ ಎತ್ತ ಇದೆಯೆಂಬುದನ್ನು ಕಿವಿಯಿಂದಲೇ ತಿಳಿಯಬೇಕಿತ್ತು. ಅಂಗಳದಾಚೆಯ ಕೊಟ್ಟಿಗೆ ಕರಗಿಹೋಗಿತ್ತು. ಒಳಗಿದ್ದ ಹಸುವಿನ ಕೊರಳಗಂಟೆ ಮಾತ್ರ ಆಗಾಗ ಇದ್ದೇನೆ ಎನ್ನುತ್ತಿತ್ತು. ಅವರೆ ಹೊಲದ ಸೊಗಡು ತೇವದ ಗಾಳಿಯೊಡನೆ ಬಂದು ಹೊಸ್ತಿಲಲ್ಲಿ ನಿಂತಿತ್ತು.

ಸುಧಾ ಎದ್ದು ಬರುವಷ್ಟರಲ್ಲಿ ಅವಳ ಅವ್ವ ಸಿದ್ದಲಿಂಗಮ್ಮ ಹಾಲು ಕರೆದು, ಕ್ಯಾನು ಹಿಡಿದು ಡೈರಿಗೆ ಹೊರಟಾಗಿತ್ತು. ಹೊರಡುವ ಮುನ್ನ ದೇವರಿಗೆ ದೀಪ ಹಚ್ಚಿ, ಜಗಲಿಯ ಗೋಡೆಯಲ್ಲಿದ್ದ ಪೆಟ್ಟಿಗೆಗೂ ಮೂರು ಬೆರಳ ವಿಭೂತಿ ಎಳೆದು ಹೋಗಿದ್ದಳು. “ಕಾಯೋದು ಯಾವ್ದಾದ್ರೇನು, ಕಾಯ್ತದಲ್ಲ” ಎನ್ನುವುದು ಅವಳ ಮಾತು.

ಆ ಪೆಟ್ಟಿಗೆ ಸುಧಾಳ ಕೈಕೆಲಸ. ಡಿಪ್ಲೊಮಾ ಓದಿ ಹುಣಸೂರಿನಲ್ಲಿ ರೇಡಿಯೊ, ಟೀವಿ ರಿಪೇರಿಯ ಅಂಗಡಿ ಇಟ್ಟಿದ್ದವಳು ಅವಳು. ಕಾಡಿನಂಚಿನ ಆನೆಕಂದಕ ಅಲ್ಲಲ್ಲಿ ಕುಸಿದು, ಭತ್ತ ರಾಗಿಯ ಕಾಲಕ್ಕೆ ಆನೆಗಳು ಇಳಿದು ಬರುತ್ತಿದ್ದವು. ಅವಳು ಕಂದಕದ ಉದ್ದಕ್ಕೂ ತೆಳುವಾದ ತಂತಿ ಎಳೆಸಿದಳು. ಆನೆಯ ಕಾಲಿಗೆ ಸಿಕ್ಕಿ ತಂತಿ ಕಡಿದರೆ ಪೆಟ್ಟಿಗೆಯ ಸೈರನ್ ಕೂಗಬೇಕು, ಎಲ್ಲಿ ಕಡಿಯಿತೆಂದು ಪುಟ್ಟ ಪರದೆಯ ಮೇಲೆ ಮೂಡಬೇಕು. ಒಳಗೆ ಅಂಗೈಯಗಲದ ಹಲಗೆ, ಹಲಗೆಯಲ್ಲೊಂದು ಹುಣಸೆಬೀಜದಷ್ಟು ಪ್ರೊಸೆಸರ್, ಅದರಲ್ಲಿ ಓಡುತ್ತಿದ್ದದ್ದು ಲಿನಕ್ಸ್ ಎಂಬ ತಂತ್ರಾಂಶ.

ಲಿನಕ್ಸಿನ ಸೀಡಿ ಕೊಟ್ಟವರು ಅವಳಿಗೆ ಪಾಠ ಹೇಳಿದ ನಟರಾಜು ಮೇಷ್ಟ್ರು. “ಇದು ಒಬ್ಬರ ಸ್ವತ್ತಲ್ಲಮ್ಮ. ದೇಶದೇಶದೋರು ಕೂಡಿ ಬರ್ದಿದ್ದಾರೆ. ಬಿಚ್ಚಿ ನೋಡು, ತಿದ್ದು. ತಿದ್ದಿದ್ದನ್ನ ಮಾತ್ರ ಬಚ್ಚಿಟ್ಕೋಬೇಡ, ವಾಪಸ್ ಕೊಡು” ಎಂದಿದ್ದರು. ಅದನ್ನು ಕೇಳಿ ಸಿದ್ದಲಿಂಗಮ್ಮ ನಕ್ಕಿದ್ದಳು. “ಇದೇನು ಒಸಾದು? ಮುಯ್ಯಾಳು ಕಣೇಳು. ನಮ್ ನಾಟಿಗೆ ಅವ್ರು ಬಂದ್ಮೇಲೆ, ಅವ್ರ ನಾಟಿಗೆ ನಾವು ಓಗ್ದೆ ಇದ್ದೇವಾ?”

ಪೆಟ್ಟಿಗೆಗೆ ಮುಂಚೆ ಕಾವಲಿದ್ದವನು ಪಕ್ಕದ ಮನೆಯ ಮುದುಕ ಮುದ್ದಯ್ಯ. ಹೊಲದ ನಡುವಿನ ಅಟ್ಟಣೆಯೇ ರಾತ್ರಿಗೆ ಅವನ ಮನೆ. ಡೈರಿಗೆ ಹೋಗುವವರು ಬೆಳಗ್ಗೆ ಹಾದಿಯ ಮೊದಲಿಗೆ ನಿಂತು “ಕೂ” ಎನ್ನಬೇಕು, ಅವನು ಅಟ್ಟಣೆಯಿಂದ “ಓ” ಎನ್ನಬೇಕು. ಓ ಬಾರದಿದ್ದರೆ ಯಾರೂ ಹೆಜ್ಜೆ ಕೀಳುತ್ತಿರಲಿಲ್ಲ. ಆನೆ ಒಳಗಿದ್ದರೆ ಅವನು ಬಸವಣ್ಣನ ಗುಡಿಯ ಹಳೆಯ ಜಾಗಟೆಯನ್ನು ತಡೆದು ತಡೆದು ಮೂರು ಸಲ ಬಾರಿಸುವನು. ಆ ಸದ್ದು ಕೇಳಿದವರು ಇದ್ದಲ್ಲೇ ಕಲ್ಲಾಗಿಬಿಡಬೇಕು, ಬಾಯಿ ಬಿಡಬಾರದು. ಆ ನಿಧಾನದ ಸದ್ದಿಗೆ ಆನೆ ಬೆದರುವುದಿಲ್ಲವೆಂದು ಊರಿನ ನಂಬಿಕೆ.

ಪೆಟ್ಟಿಗೆ ಕೂಡಿಸಿದ ದಿನ ಮುದ್ದಯ್ಯ ತಾನೇ ಬಂದು ಜಾಗಟೆಯನ್ನು ಸುಧಾಳ ಕೈಗಿತ್ತ. “ಇನ್ಮ್ಯಾಕೆ ಕಾವ್ಲು ನಿಂದು ಕಣವ್ವ. ನಂಗೂ ಒಸಿ ನಿದ್ದೆ ಬ್ಯಾಡ್ವಾ?” ಎಂದು ನಗುತ್ತಲೇ ಹೇಳಿದ. ಆದರೆ ತಿರುಗಿ ನೋಡದೆ ಹೋದ. ಅಂದಿನಿಂದ ಕೂ ಎನ್ನುವವರಿಲ್ಲ, ಓ ಎನ್ನುವವರಿಲ್ಲ. ಪೆಟ್ಟಿಗೆ ಸುಮ್ಮನಿದ್ದರೆ ಜನ ಕೈ ಬೀಸಿ ನಡೆಯುತ್ತಿದ್ದರು.

ಸುಧಾ ಮುಖ ತೊಳೆದು ಬಂದು ಪೆಟ್ಟಿಗೆಯತ್ತ ನೋಡಿದಳು. ಹಸಿರು ದೀಪ ಉರಿಯುತ್ತಿತ್ತು. ಆದರೆ ಪರದೆಯ ಮೇಲಿನ ಗಂಟೆ ಮೂರಕ್ಕೇ ನಿಂತಿತ್ತು. ಹೊರಗೆ ಬೆಳಗಾಗಿತ್ತು. ಗುಂಡಿ ಒತ್ತಿದಳು, ಉತ್ತರವಿಲ್ಲ. ಮತ್ತೆ ಒತ್ತಿದಳು. ಕಣ್ಣು ತೆರೆದುಕೊಂಡೇ ಪ್ರಾಣ ಬಿಟ್ಟವರ ಹಾಗೆ ಅದು ಅವಳನ್ನು ದಿಟ್ಟಿಸುತ್ತಿತ್ತು. ಹಸಿರು ಬೆಳಕು ವಿಭೂತಿಯ ಮೇಲೆ ಬಿದ್ದು ತಣ್ಣಗೆ ಹೊಳೆಯಿತು.

ಕರೆಂಟು ತಪ್ಪಿಸಿ ಮತ್ತೆ ಕೊಟ್ಟಳು. ಪರದೆಯ ಮೇಲೆ ಸಾಲುಗಳು ಹರಿದವು. ಪೆಟ್ಟಿಗೆ ಎದ್ದದ್ದೇ ತಡ, ಸೈರನ್ ಕಿರುಚಿತು. ಬಿದಿರುಮೆಳೆಯ ಹತ್ತಿರ ತಂತಿ ಕಡಿದಿದೆ.

ಅವ್ವನ ಹಾದಿ ಆ ಮೆಳೆಯ ಬದಿಗೇ.

ಬೆದರಿದ ಆನೆ ಬಂದ ದಾರಿಯಲ್ಲೇ ಕಾಡಿಗೆ ನುಗ್ಗುತ್ತದೆ, ಆ ದಾರಿಯಲ್ಲಿ ಅವ್ವ ಇದ್ದಾಳೆ ಎಂಬುದು ಹೊಳೆದ ಕೂಡಲೇ ಅವಳು ಸೈರನ್ನಿನ ತಂತಿಯನ್ನು ಬುಡಸಹಿತ ಕಿತ್ತಳು. ಆಮೇಲೆ ಬಂದ ಮೌನ ಕಿರುಚಾಟಕ್ಕಿಂತ ಘೋರವಾಗಿತ್ತು. ಗೋಡೆಯಲ್ಲಿ ತೂಗುತ್ತಿದ್ದ ಜಾಗಟೆ, ಅದರ ಕೋಲು ಎಳೆದುಕೊಂಡು ಬರಿಗಾಲಲ್ಲಿ ಓಡಿದಳು.

ಮುದ್ದಯ್ಯ ಬಾಗಿಲಲ್ಲಿ ಬೆಂಕಿ ಕಾಯಿಸುತ್ತ ಕೂತಿದ್ದ. “ಅದೇನವ್ವ ಅದು, ನಿನ್ ಪೆಟ್ಗೆ ಅರಚ್ದಂಗಾಯ್ತು?”

“ತಾತ, ಪೆಟ್ಗೆ ರಾತ್ರಿನೇ ನಿಂತೋಗದೆ. ಮೆಳೆ ತಾವ ತಂತಿ ಕಡ್ದದೆ. ಅವ್ವ ಓಗ್ಬುಟ್ಟವ್ಳೆ!”

ಮುದುಕ ಕಂಬಳಿ ಕೊಡವಿ ಎದ್ದ. ಇಬ್ಬರೂ ಹಾದಿಯ ಮೊದಲಿಗೆ ಬಂದು ನಿಂತರು. ಮುಂದೆ ಬರೀ ಬಿಳುಪು.

“ಕೂಗ್ಲಾ ತಾತ?”

“ಬ್ಯಾಡ. ನೀ ಕೂಗುದ್ರೆ ಅವ್ಳು ಓ ಅಂತಾಳೆ. ಅವ್ಳ ಓ ದೊಡ್ಡಯ್ಯನ್ಗೂ ಕೇಳ್ತದೆ.” ಕತ್ತಲಲ್ಲಿ, ಮಂಜಲ್ಲಿ ಆನೆಯ ಹೆಸರು ಹೇಳದೆ ದೊಡ್ಡಯ್ಯ ಎನ್ನುವುದು ಅಲ್ಲಿಯ ವಾಡಿಕೆ. “ಜಾಗಟೆ ಒಡಿ. ಮಂಗಳಾರತಿಗೆ ಒಡ್ದಂಗಲ್ಲ. ತಡ್ದು ತಡ್ದು.”

“ನೀನೇ ಒಡಿ ತಾತ.”

ಅವನು ಕೋಲು ಹಿಡಿದ ಅವಳ ಕೈಯನ್ನು ಜಾಗಟೆಯತ್ತ ತಳ್ಳಿದ. “ಪೆಟ್ಗೆ ಅದೆಯಲ್ಲ ಅಂತ ನಾನೂ ಮನೀಕಂಡ್ಬುಟ್ನಲ್ಲ ಮಗ” ಎಂದ.

ಅವಳು ಬಾರಿಸಿದಳು. ಸದ್ದು ಮಂಜಿನೊಳಗೆ ಹೋಗಿ ಎಲ್ಲೋ ಕೂತಿತು. ಉಸಿರು ಬಿಗಿಹಿಡಿದು ಎರಡನೆಯದು. ಆಮೇಲೆ ಮೂರನೆಯದು. ಅತ್ತಲಿಂದ ಏನೂ ಬರಲಿಲ್ಲ. ಬರಬಾರದು ಕೂಡ, ಬದುಕಿದ್ದವರೂ ಈಗ ಸುಮ್ಮನಿರಬೇಕು. ಸುಮ್ಮನಿರುವವರು ಬದುಕಿದ್ದಾರೆಯೇ ಎಂದು ತಿಳಿಯುವುದು ಹೇಗೆ?

ಮೆಳೆಯ ಕಡೆ ಒಂದು ಬಿದಿರು ಲಟಕ್ಕನೆ ಮುರಿಯಿತು.

ಆಗ ಅವಳಿಗೆ ತಾನು ಮಾಡಿದ್ದು ನೆನಪಾಯಿತು. ಆ ಪ್ರೊಸೆಸರಿನೊಳಗೂ ಒಬ್ಬ ಕಾವಲುಗಾರನಿದ್ದ. ಓಡುತ್ತಿರುವ ವ್ಯವಸ್ಥೆ ಆಗಾಗ ಬಂದು ಅವನಿಗೆ ‘ಇದ್ದೇನೆ’ ಎನ್ನಬೇಕು. ಅನ್ನದಿದ್ದರೆ ಅದು ಮೂರ್ಛೆ ಹೋಗಿದೆಯೆಂದು ತಿಳಿದು ಅವನು ಎಲ್ಲವನ್ನೂ ಹೊಸದಾಗಿ ಎಬ್ಬಿಸುತ್ತಾನೆ. ಮೊದಮೊದಲು ಪೆಟ್ಟಿಗೆ ಹೀಗೆ ಮತ್ತೆ ಮತ್ತೆ ಬಿದ್ದು ಏಳುತ್ತಿತ್ತು. ಅರಳಿಕಟ್ಟೆಯವರು, “ಸುಧಮ್ಮನ್ ಪೆಟ್ಗೆಗೆ ಮೂರ್ಛೆರೋಗ ಕಣ್ರಲಾ, ಯಾರಾರ ಎಕ್ಕಡ ಮೂಸ್ಸಿ” ಎಂದು ನಕ್ಕಿದ್ದರು. ಅವಳಿಗೆ ಅವಮಾನವಾಗಿತ್ತು. ಯಾಕೆ ಬೀಳುತ್ತದೆಂದು ಹುಡುಕುವ ಬದಲು, ಒಂದೇ ಸಾಲು ಬರೆದು ಆ ಕಾವಲುಗಾರನ ಬಾಯಿ ಮುಚ್ಚಿಸಿದ್ದಳು. ಎಲ್ಲರೂ ಪೆಟ್ಟಿಗೆ ಈಗ ಗಟ್ಟಿಯಾಯಿತು ಎಂದು ಹೊಗಳಿದ್ದರು.

“ಬಸವಣ್ಣ, ತಪ್ಪು ನಂದು, ಅವ್ವಂದಲ್ಲ” ಎಂದು ತುಟಿಯಲ್ಲೇ ಅಂದುಕೊಂಡಳು.

ಏನೋ ಭಾರವಾದದ್ದು ನೆಲದ ಮೇಲೆ ಸರಿಯಿತು. ಸದ್ದಲ್ಲ ಅದು, ಅಂಗಾಲಿಗೆ ತಿಳಿದದ್ದು. ಬಳಿಕ ಕಂದಕದ ಮಣ್ಣು ಬಳಬಳ ಉದುರಿತು. ಮುದ್ದಯ್ಯ ಕಿವಿಯ ಹಿಂದೆ ಕೈಯಿಟ್ಟು ಕೇಳುತ್ತಿದ್ದ. ಅವನ ಭುಜ ಇಳಿಯುವವರೆಗೂ ಅವಳು ರೆಪ್ಪೆ ಬಡಿಯಲಿಲ್ಲ.

“ಆಚ್ಗೋಯ್ತು” ಎಂದ ಅವನು, ಅರ್ಧ ಪಿಸುಮಾತಿನಲ್ಲಿ.

ಅವ್ವನ ಸದ್ದು ಮಾತ್ರ ಇಲ್ಲ. ಮಂಜು ಕದಲಲಿಲ್ಲ. ಯಾವುದೋ ಹಕ್ಕಿ ಕೂಗಿ ಸುಮ್ಮನಾಯಿತು. ಸುಧಾ ಒಂದು ಹೆಜ್ಜೆ ಕಿತ್ತಳು. ಮುದುಕ ರಟ್ಟೆ ಹಿಡಿದು ನಿಲ್ಲಿಸಿದ.

ಆಗ, ಬಿಳುಪಿನ ಆಳದಿಂದ, ಒಡಕು ದನಿಯಲ್ಲಿ, “ಕೂ…”

ಮುದ್ದಯ್ಯ ಸುಧಾಳನ್ನು ಮೊಣಕೈಯಿಂದ ತಿವಿದ. “ಅನ್ನವ್ವ, ಅನ್ನು. ಕಾಯ್ತಾವ್ಳೆ.”

“ಓ…!”

ಸಿದ್ದಲಿಂಗಮ್ಮ ಕ್ಯಾನನ್ನು ಎದೆಗವಚಿಕೊಂಡು ಬಂದಳು. ಬಂದವಳೇ ಅಲ್ಲೇ ಕುಕ್ಕರಿಸಿದಳು. “ದೊಡ್ಡಯ್ಯ ಅಲ್ಲ ಮಾವ, ದೊಡ್ಡವ್ವ. ಮರಿ ಬ್ಯಾರೆ ಇತ್ತು. ನಾನು ಒಂಗೆಮರಕ್ಕೆ ಬೆನ್ ಕೊಟ್ಟು ನಿಂತಿವ್ನಿ, ಅದ್ರ ಉಸ್ರು ಈ ಕಿವೀಗೆ ಬುಸ್ ಅಂತದೆ. ಜಾಗ್ಟೆ ಕೇಳ್ದೆ ಓಗಿದ್ರೆ ಇನ್ನೊಂದೆಜ್ಜೆ ಇಟ್ಟಿರ್ತಿದ್ದೆ.” ಆಮೇಲೆ ಮಗಳ ಮುಖ ನೋಡಿ, “ಯಾಕ್ ಅಂಗ್ ಅಳ್ತೀಯ? ಒಂದ್ ತೊಟ್ಟು ಆಲು ಚೆಲ್ಲಿಲ್ಲ ಕಣೆ. ಸೀರೆ ಇಸ್ಯ ಮಾತ್ರ ಕೇಳ್ಬ್ಯಾಡ” ಎಂದಳು.

ಮುದ್ದಯ್ಯ ಕೆಮ್ಮಿ ಕೆಮ್ಮಿ ನಕ್ಕ. ಸುಧಾಳಿಗೆ ನಗು ಬರಲಿಲ್ಲ.

ಅಂದು ಅವಳು ಅಂಗಡಿ ತೆರೆಯದೆ ಪೆಟ್ಟಿಗೆಯ ಮುಂದೆ ಕೂತಳು. ಇಬ್ಬನಿಯಲ್ಲಿ ನೆನೆದ ತಂತಿಗಳು ಕಡಿದಂತೆ, ಕೂಡಿದಂತೆ ಬೇಗ ಬೇಗ ಮಿನುಗಿದರೆ, ತಂತಿ ಓದುವ ಪ್ರೋಗ್ರಾಮಿನ ಎರಡು ಭಾಗಗಳು ಒಂದಕ್ಕೊಂದು ದಾರಿ ಬಿಡಲಿ ಎಂದು ಕಾಯುತ್ತ ನಿಂತುಬಿಡುತ್ತಿದ್ದವು. ತಿದ್ದಿದಳು. ಕಾವಲುಗಾರನ ಬಾಯಿಯನ್ನೂ ಬಿಡಿಸಿದಳು. ತಿದ್ದಿದ್ದನ್ನೂ, ತಾನು ಎಲ್ಲಿ ತಪ್ಪಿದೆನೆಂಬುದನ್ನೂ ಸೀಡಿಗೆ ಬರೆದು ನಟರಾಜು ಮೇಷ್ಟ್ರಿಗೆ ಮುಟ್ಟಿಸಿದಳು. ಅದು ಎಲ್ಲರ ಕೈಗೂ ಹೋಗಲಿ. ಎಲ್ಲಿಯೋ ಯಾರದೋ ಅವ್ವ ಹಾದಿಯಲ್ಲಿರಬಹುದು.

ಆ ಸಂಜೆ ಜಾಗಟೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದಳು. ಮುದ್ದಯ್ಯನ ಅಟ್ಟಣೆಗೆ ಏಣಿ ಒರಗಿತ್ತು. ಅವನು ಹೊಸ ಹುಲ್ಲು ಹಾಸುತ್ತಿದ್ದ. ಸುಧಾ ಏಣಿಯ ಬುಡದಲ್ಲಿ ನಿಂತು, ಎರಡೂ ಕೈಯಲ್ಲಿ ಜಾಗಟೆಯನ್ನು ಮೇಲೆ ಚಾಚಿದಳು. ಅವನು ಬಗ್ಗಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡ.